ಒಂದು ದಿನ ಮೊದಲು ಬಂದವಳು

ಹೊಟ್ಟೆಕಿಚ್ಚಿನವರಿಗೆ ಚಳವಳಿಯಲ್ಲಿ ಬರವಿಲ್ಲ. ಮೆರವಣಿಗೆಯಲ್ಲಿ ಬ್ಯಾನರಿನ ಕೋಲು ಯಾರು ಹಿಡಿಯಬೇಕು ಎಂದು ಲಾಠಿ ಬೀಳುವ ತನಕ ಜಗಳವಾಡಿದವರು ನಮ್ಮಲ್ಲಿದ್ದಾರೆ. ಲಾಠಿ ಬಿದ್ದ ಮೇಲೆ ಯಾರಿಗೆ ಜಾಸ್ತಿ ಬಿತ್ತು ಎಂದು ಜಗಳವಾಡಿದವರೂ ಇದ್ದಾರೆ. ಆದರೆ ಹೊಟ್ಟೆಕಿಚ್ಚನ್ನು ಹಸಿವಿನ ಹಾಗೆ ಹೊತ್ತುಹೊತ್ತಿಗೆ ಪಟ್ಟವಳು, ಅದನ್ನು ಸೆರಗಿನಲ್ಲಿ ಮುಚ್ಚಿಡದೆ ಪಟ್ಟವಳು, ನಾನು ಕಂಡಂತೆ ಒಬ್ಬಳೇ. ನಮ್ಮ ನೌಕರರ ಸಂಘದಲ್ಲಿ ಅವಳಿಗೆ ‘ಮೊದಲಗಿತ್ತಿ’ ಎಂದು ಹೆಸರು. ಅವಳ ಓರಗಿತ್ತಿಯ ವಿಷಯ ಗೊತ್ತಿದ್ದ ಯಾರೋ ಪುಣ್ಯಾತ್ಮರು ಇಟ್ಟದ್ದು. ಎದುರಿಗೆ ಕರೆದರೂ ಅವಳು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. “ಹೆಸರಲ್ಲಾದ್ರೂ ಮೊದಲು ಅಂತ ಬಂತಲ್ಲ, ಬಿಡಿ” ಅನ್ನುತ್ತಿದ್ದಳು.

ಮೂವರು ಹೆಣ್ಣುಮಕ್ಕಳಲ್ಲಿ ಕೊನೆಯವಳು ಅವಳು. ಅಕ್ಕಂದಿರು ಉಟ್ಟು ಬಿಟ್ಟ ಬಟ್ಟೆ, ಅಕ್ಕಂದಿರು ಸವೆಸಿದ ಚಪ್ಪಲಿ, ಅಕ್ಕಂದಿರು ಓದಿ ಮುಗಿಸಿದ ಪುಸ್ತಕ. ಗಣಿತದ ಪುಸ್ತಕ ಇವಳ ಕೈಗೆ ಬರುವಾಗ ಉತ್ತರಗಳೆಲ್ಲ ಪೆನ್ಸಿಲಿನಲ್ಲಿ ಬರೆದಾಗಿರುತ್ತಿದ್ದವು. ಬೇರೆ ಮಕ್ಕಳಾಗಿದ್ದರೆ ಅದನ್ನೇ ನಕಲು ಮಾಡಿ ಆಡಲು ಓಡುತ್ತಿದ್ದರು. ಇವಳು ಒಂದೊಂದು ಲೆಕ್ಕವನ್ನೂ ಮತ್ತೆ ಮಾಡಿ, ಅಕ್ಕ ಎಲ್ಲಿ ತಪ್ಪಿದ್ದಾಳೆ ಎಂದು ಹುಡುಕುತ್ತಿದ್ದಳು. ತಪ್ಪು ಸಿಕ್ಕ ದಿನ ಹೊಟ್ಟೆ ತುಂಬ ಉಂಡು ಮಲಗುತ್ತಿದ್ದಳಂತೆ. ತಪ್ಪು ಹುಡುಕುವ ಕೆಲಸಕ್ಕೆ ಅವಳನ್ನು ಯಾವ ಕಾಲೇಜೂ ತಯಾರು ಮಾಡಲಿಲ್ಲ.

ಮದುವೆಯಾಗಿ ಹೋದ ಮನೆಯಲ್ಲಿ ಇಬ್ಬರೇ ಗಂಡುಮಕ್ಕಳು. ಇವಳ ಗಂಡ ಚಿಕ್ಕವನು. ದೊಡ್ಡವನ ಹೆಂಡತಿ ವಯಸ್ಸಿನಲ್ಲಿ ಇವಳಿಗಿಂತ ಕಿರಿಯಳು. ಆದರೇನು, ಗಂಡ ದೊಡ್ಡವನಾದ್ದರಿಂದ ಅವಳೇ ಹಿರಿಸೊಸೆ. ತನಗಿಂತ ಚಿಕ್ಕವಳನ್ನು ದಿನ ಬೆಳಗಾದರೆ “ಅಕ್ಕಾ” ಎಂದು ಕರೆಯಬೇಕು, ನೀವು ತಾವು ಅನ್ನಬೇಕು. ಮಹಡಿಯ ಗಾಳಿ ಬೆಳಕಿನ ಕೋಣೆ ಅಕ್ಕನಿಗೆ. ಮೆಟ್ಟಿಲಿನ ಕೆಳಗಿನ, ಹಗಲಲ್ಲೂ ದೀಪ ಹಾಕಬೇಕಾದ ಕೋಣೆ ಇವಳಿಗೆ. ಮೇಲೆ ಅಕ್ಕ ನಡೆದಾಡಿದರೆ ಇವಳ ತಲೆಯ ಮೇಲೇ ನಡೆದ ಹಾಗೆ. ಇಷ್ಟರ ಮೇಲೆ ಆ ಅಕ್ಕ ಕೆಟ್ಟವಳಾಗಿದ್ದರೆ ನಮ್ಮ ಮೊದಲಗಿತ್ತಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳೋ ಬೆಣ್ಣೆಯಲ್ಲಿ ಅದ್ದಿ ತೆಗೆದಂಥ ಹೆಂಗಸು. ಜೋರಾಗಿ ಮಾತಾಡಿದವಳಲ್ಲ, ಒಬ್ಬರ ಮೇಲೆ ಚಾಡಿ ಹೇಳಿದವಳಲ್ಲ. ಜಗಳಕ್ಕೆ ಹಿಡಿಯಲು ಒಂದು ಜುಟ್ಟೂ ಸಿಗದಷ್ಟು ಒಳ್ಳೆಯವಳು.

ಕೆಲಸದ ಸುದ್ದಿ ತಂದವಳೂ ಆ ಅಕ್ಕನೇ. ಒಂದು ಕಂಪ್ಯೂಟರ್ ಕಂಪನಿಯಲ್ಲಿ ಟೆಸ್ಟಿಂಗ್ ಕೋಣೆಗೆ ಎರಡು ಜಾಗ ಖಾಲಿಯಿದೆ, ಇಬ್ಬರೂ ಅರ್ಜಿ ಹಾಕೋಣ ಅಂದಳು. ಇಬ್ಬರಿಗೂ ಸಿಕ್ಕಿತು. ಸೆಪ್ಟೆಂಬರ್ ಒಂದರಿಂದ ಬನ್ನಿ ಎಂದು ಕರೆ ಬಂತು.

ಮೊದಲಗಿತ್ತಿ ಆಗಸ್ಟ್ ಮೂವತ್ತೊಂದಕ್ಕೇ ಹೋಗಿ ಕೂತಳು.

“ನಾಳೆ ಬರಬೇಕಿತ್ತಮ್ಮಾ” ಅಂದನಂತೆ ಅಲ್ಲಿನ ಗುಮಾಸ್ತ.

“ನಾಳೆ ಬರೋರು ನಾಳೆ ಬರ್ತಾರೆ. ನಾನು ಇವತ್ತು ಬಂದಿದೀನಲ್ಲ, ಬಾಗಿಲಿಂದ ವಾಪಸ್ ಕಳಿಸ್ತೀರಾ?”

“ತಿಂಗಳ ಕೊನೆ ದಿನ ಯಾರಮ್ಮಾ ಕೆಲಸಕ್ಕೆ ಸೇರ್ತಾರೆ?”

“ಕೆಲಸ ಬೇಕಾದೋರು.”

ಊಟದ ಹೊತ್ತಾದರೂ ಅವಳು ಕುರ್ಚಿ ಬಿಡಲಿಲ್ಲ. ಇದೊಂದು ಪೀಡೆ ತೊಲಗಲಿ ಎಂದು ಗುಮಾಸ್ತ ಆ ದಿನದ ತಾರೀಖನ್ನೇ ಹಾಕಿ ಸೇರಿಸಿಕೊಂಡ. ಮನೆಯಲ್ಲಿ ಅವಳು ಉಸಿರೆತ್ತಲಿಲ್ಲ. ಮರುದಿನ ಓರಗಿತ್ತಿಯರಿಬ್ಬರೂ ಒಂದೇ ಬಸ್ಸಿನಲ್ಲಿ ಹೋದರು. ಒಳಗೆ ಕಾಲಿಟ್ಟ ಕೂಡಲೇ ಇವಳು, “ಕುಡಿಯೋ ನೀರು ಆ ಮೂಲೇಲಿ ಇದೆ ಅಕ್ಕಾ. ಈ ಬಾಗಿಲು ಸ್ವಲ್ಪ ಬಿಗಿ, ಎತ್ತಿ ತಳ್ಳಬೇಕು” ಎಂದು ಇಪ್ಪತ್ತು ವರ್ಷ ಅಲ್ಲೇ ದುಡಿದವಳ ಹಾಗೆ ಶುರುಮಾಡಿದಳು. ಅಕ್ಕ ಅವಳ ಮುಖವನ್ನೊಮ್ಮೆ ನೋಡಿ, “ನೀನಿರೋದು ಒಳ್ಳೇದಾಯ್ತು ಕಣೇ” ಅಂದಳು, ಅಷ್ಟೇ. ಸಿಟ್ಟಾಗಿದ್ದರೆ ಗೆದ್ದ ಖುಷಿಯಾದರೂ ಇರುತ್ತಿತ್ತು.

ಅಲ್ಲಿನ ಕೆಲಸ ಏನೆಂದು ಅವಳೇ ನನಗೆ ವಿವರಿಸಿದ್ದಾಳೆ. ನನಗೆ ತಿಳಿದಷ್ಟು ಹೇಳುತ್ತೇನೆ. ಕಂಪ್ಯೂಟರಿಗೆ ಹೇಳಿಕೊಡುವ ಭಾಷೆಗಳು ಹಲವು. ಒಂದೊಂದು ಭಾಷೆಗೂ ಹುಟ್ಟಿನಿಂದಲೇ ಬಂದ ಒಂದು ಗಡಿಯಾರ, ಒಂದು ಕ್ಯಾಲೆಂಡರ್ ಇರುತ್ತದೆ. ತಾರೀಖಿನ ಲೈಬ್ರರಿ ಅನ್ನುತ್ತಾರೆ. ಈ ಕಂಪನಿ ಮಾಡುತ್ತಿದ್ದುದು ರಜೆ, ಹಾಜರಿ, ಪಾಳಿ, ನಿವೃತ್ತಿಯ ತಾರೀಖು ತೆಗೆಯುವ ಸಾಫ್ಟ್‌ವೇರ್. ಅದು ಮೂರು ಭಾಷೆಗಳಲ್ಲಿ ಓಡುತ್ತಿತ್ತು. ಒಂದೇ ಪ್ರಶ್ನೆಯನ್ನು ಮೂರಕ್ಕೂ ಕೇಳಿ, ಮೂರೂ ಒಂದೇ ಉತ್ತರ ಕೊಡುತ್ತವೆಯೇ ಎಂದು ನೋಡುವುದು ಈ ಇಬ್ಬರ ಕೆಲಸ. ಕೊಡುವುದಿಲ್ಲ. ಮೂರು ಸಂಘಟನೆಗಳನ್ನು ಒಂದೇ ವೇದಿಕೆಗೆ ಕರೆದ ಹಾಗೆ. ಒಂದಂತೂ ತಿಂಗಳುಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಅದರ ಪಾಲಿಗೆ ಜನವರಿ ಅಂದರೆ ಸೊನ್ನೆ. “ನೋಡಿ ಅಣ್ಣಾ, ಜನವರೀದೂ ನನ್ನ ಹಣೆಬರಾನೇ. ಮೊದಲು ಬಂದ್ರೂ ಸೊನ್ನೆ” ಅಂದಿದ್ದಳು.

ಆ ಮೂರಕ್ಕೂ ಅವಳೇ ಹೆಸರಿಟ್ಟಿದ್ದಳು. ಆಗಸ್ಟ್ ಮೂವತ್ತೊಂದಕ್ಕೆ ಆರು ತಿಂಗಳು ಕೂಡಿಸು ಎಂದರೆ ಫೆಬ್ರವರಿ ಮೂವತ್ತೊಂದು ಬರಬೇಕು. ಅಂಥ ದಿನವೇ ಇಲ್ಲ. ಮೊದಲನೆಯ ಭಾಷೆ, “ಏನು ಕೇಳ್ತಿದೀಯ, ತಲೆ ನೆಟ್ಟಗಿದೆಯಾ?” ಎಂದು ಗದರಿ ಕೆಲಸ ನಿಲ್ಲಿಸಿಬಿಡುತ್ತದೆ. ಅದು ‘ಅತ್ತೆ’. ಎರಡನೆಯದು ಇದ್ದುದರಲ್ಲೇ ಹೊಂದಿಸಿಕೊಂಡು, ಫೆಬ್ರವರಿಯ ಕೊನೆಯ ದಿನಕ್ಕೆ ತಗ್ಗಿ ನಿಲ್ಲುತ್ತದೆ. ಅದು ‘ಸೊಸೆ’. ಮೂರನೆಯದು ಮಿಕ್ಕ ದಿನಗಳನ್ನೆಲ್ಲ ಮುಂದಕ್ಕೆ ನೂಕಿ, ಸದ್ದಿಲ್ಲದೆ ಮಾರ್ಚ್ ಮೂರು ಅನ್ನುತ್ತದೆ. ಅದು ‘ಭಾವ’. ಅಕ್ಕನ ಗಂಡ ಮನೆಯಲ್ಲಿ ಯಾವ ಕೆಲಸ ಹೇಳಿದರೂ “ಮುಂದಿನ ವಾರ ನೋಡೋಣ” ಅನ್ನುವವನು. ಅವನ ಮೇಲಿನ ಕುಹಕ ಅದು. ಅಕ್ಕನೂ ನಕ್ಕು ಅದೇ ಹೆಸರನ್ನು ಬಳಸತೊಡಗಿದಳು. ಇವಳಿಗೆ ಆ ಕುಹಕದ ರುಚಿಯೂ ಕೆಟ್ಟಿತು.

ಹೀಗಿರುವಾಗ ಒಂದು ದಿನ ಮೂರರಲ್ಲಿ ಯಾವುದನ್ನು ಕಂಪನಿಯ ನಿಯಮ ಮಾಡಬೇಕೆಂಬ ಮಾತು ಬಂತು. ಕೋಣೆಯಲ್ಲಿ ಆಗ ಇದ್ದವರು ಮೂವರೇ: ಓರಗಿತ್ತಿಯರಿಬ್ಬರು ಮತ್ತು ಅವರ ಮೇಲಿನ ಮುಖ್ಯಸ್ಥ, ನಿವೃತ್ತಿಗೆ ಹತ್ತಿರವಿದ್ದ, ಊಟವಾದ ಮೇಲೆ ಕಣ್ಣು ತೆರೆದೇ ನಿದ್ದೆ ಮಾಡುವ ಹಿರಿಯ.

“ಸೊಸೆಯೇ ಸರಿ” ಅಂದಳು ಅಕ್ಕ. “ತಿಂಗಳ ಕೊನೇಲಿ ಸೇರಿದೋರಿಗೆ ತಿಂಗಳ ಕೊನೇಲೇ ಆಗಲಿ. ಭಾವನ ಲೆಕ್ಕ ಹಿಡಿದ್ರೆ ಹಿಂದಿನ ದಿನ ಬಂದೋರು ಮಾರನೇ ದಿನ ಬಂದೋರಿಗಿಂತ ಹಿಂದೆ ಬಿದ್ದುಹೋಗ್ತಾರೆ.”

ಇದೇ ಮಾತನ್ನು ಬೇರೆ ಯಾರು ಹೇಳಿದ್ದರೂ ಮೊದಲಗಿತ್ತಿ ಹೌದೌದು ಅನ್ನುತ್ತಿದ್ದಳು. ಅಕ್ಕ ಹೇಳಿದ ಮೇಲೆ ಮುಗಿಯಿತು.

“ಆರು ತಿಂಗಳು ಅಂದ್ರೆ ಪೂರ್ತಿ ಆರು ತಿಂಗಳು” ಅಂದಳು. “ಫೆಬ್ರವರೀಲಿ ದಿನ ಸಾಲದಿದ್ರೆ ಮಾರ್ಚಲ್ಲಿ ತುಂಬಿಸಿ ಕೊಡಬೇಕು. ಕತ್ತರಿಸಿ ಬಿಸಾಡೋಕೆ ನಾವೇನು ದರ್ಜಿಗಳಾ?”

“ನನ್ನ ಗಂಡನ ಪರ ವಾದ ಮಾಡ್ತಿದೀಯಲ್ಲೇ, ಮನೇಲಿ ಹೇಳ್ತೀನಿ” ಎಂದು ಅಕ್ಕ ನಕ್ಕಳು. “ಆದ್ರೂ ನೋಡು, ಮೂವತ್ತೊಂದಕ್ಕೆ ಸೇರಿದೋರ ಗತಿ ಏನು?”

“ಯಾರು ಸೇರ್ತಾರೆ ಮೂವತ್ತೊಂದಕ್ಕೆ? ತಿಂಗಳ ಕೊನೆ ದಿನ ಕೆಲಸಕ್ಕೆ ಸೇರೋ ಹುಚ್ಚರು ಎಲ್ಲಾದ್ರೂ ಇದಾರಾ ಅಕ್ಕಾ?”

ಅಕ್ಕ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹುಡುಕತೊಡಗಿದಳು. ಗೆಲ್ಲುವ ಭರದಲ್ಲಿ ಮೊದಲಗಿತ್ತಿಗೆ ತಾನು ಯಾವ ದಿನ ಸೇರಿದ್ದೆ ಎನ್ನುವುದೇ ಮರೆತುಹೋಗಿತ್ತು. ಹಿರಿಯ ನಿದ್ದೆಯಿಂದೆದ್ದು, ಜೋರಾಗಿ ಕೂಗಿದವಳ ಕಡೆಗೇ ತೀರ್ಪು ಕೊಟ್ಟ. ಭಾವ ಕಂಪನಿಯ ನಿಯಮವಾದ. ಆ ಸಂಜೆ ಅವಳು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹಾಡು ಗುನುಗಿದಳಂತೆ.

ಇಲ್ಲಿಗೆ ನಮ್ಮ ಸಂಘ ಬರುತ್ತದೆ. ಆ ಕಂಪನಿಯಲ್ಲಿ ಮುಖ್ಯಸ್ಥರ ಕುರ್ಚಿ ಯಾರಿಗೆ ಎನ್ನುವುದು ಹಿಂದೆಲ್ಲ ಮೇಲಿನವರ ಮರ್ಜಿ. ಯಾರು ಅವರ ಕಾರಿನ ಬಾಗಿಲು ತೆಗೆಯುತ್ತಾರೋ ಅವರಿಗೆ. ನಾವು ಗೇಟಿನ ಮುಂದೆ ಚಾಪೆ ಹಾಸಿ ಮಲಗಿ, ಮೈಮೇಲೆ ನೀರು ಹೊಡೆಸಿಕೊಂಡು, ಒಂದು ನಿಯಮ ತಂದೆವು: ಯಾರು ಮೊದಲು ಕಾಯಂ ಆದರೋ ಕುರ್ಚಿ ಅವರಿಗೆ, ತಾರೀಖು ಒಂದೇ ಆದರೆ ವಯಸ್ಸಿನಲ್ಲಿ ದೊಡ್ಡವರಿಗೆ, ಆರು ತಿಂಗಳು ದುಡಿದವರು ತಾವಾಗಿಯೇ ಕಾಯಂ. ಕಾಯಂ ಆದ ತಾರೀಖನ್ನು ಆಗ ಯಾರಿಗೂ ಬರೆದು ಕೊಡುತ್ತಿರಲಿಲ್ಲ. ಹಿರಿಯ ನಿವೃತ್ತನಾಗಿ ಟೆಸ್ಟಿಂಗ್ ಕೋಣೆಯ ಕುರ್ಚಿ ಖಾಲಿಯಾದಾಗ ಕಂಪನಿ ತನ್ನ ಸಾಫ್ಟ್‌ವೇರನ್ನೇ ಕೇಳಿತು.

ಅದು ಹೇಳಿತು: ಹಿರಿಸೊಸೆ ಕಾಯಂ ಆದದ್ದು ಮಾರ್ಚ್ ಒಂದಕ್ಕೆ. ಕಿರಿಸೊಸೆ, ಮಾರ್ಚ್ ಮೂರಕ್ಕೆ.

ನಮ್ಮ ಸಂಘದ ಕೋಣೆ ಟೈರಿನ ಅಂಗಡಿಯ ಮೇಲೆ. ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದದ್ದು ಕೆಳಗಿನ ಸುತ್ತಿಗೆಯ ಸದ್ದಿನಲ್ಲೂ ಕೇಳಿಸಿತು. ಮುಖ ಕೆಂಡ.

“ಅಣ್ಣಾ, ನಿಮ್ಮ ನಿಯಮ ನನ್ನ ಕುತ್ತಿಗೆಗೇ ಬಂತು! ನಾನು ಮೊದಲು ಸೇರಿದ್ದು. ಅವಳು ಮೊದಲು ಕಾಯಂ ಆಗಿ ಕೂತಿದಾಳೆ.”

“ಅದು ಹೇಗಮ್ಮಾ? ಕ್ಯೂನಲ್ಲಿ ಹಿಂದೆ ನಿಂತೋರಿಗೆ ಮೊದಲು ಟಿಕೆಟ್ಟಾ?”

“ಭಾವ ನೂಕಿಬಿಟ್ಟ.”

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. “ಯಾರು, ನಿನ್ನ ಗಂಡನ ಅಣ್ಣನಾ? ಕೈ ಮಾಡಿದನಾ? ಎಲ್ಲಿಗೆ ಬಿತ್ತು ಪೆಟ್ಟು? ನಡಿ, ಸ್ಟೇಷನ್ನಿಗೆ ಹೋಗೋಣ.”

“ಅಯ್ಯೋ, ಆ ಭಾವ ಅಲ್ಲ ಅಣ್ಣಾ! ಆ ಮನುಷ್ಯ ಒಂದು ಕದಾನೂ ನೂಕಿದೋನಲ್ಲ. ಇದು ಕಂಪ್ಯೂಟರ್ ಭಾವ!”

ಆಮೇಲೆ ಅತ್ತೆ, ಸೊಸೆ, ಭಾವ ಎಲ್ಲವೂ ಹೊರಬಿತ್ತು. ಕೇಳುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಅವಳು ಒಂದು ದಿನ ಮೊದಲು ಹೋಗಿ ಹಟ ಮಾಡದೆ ಇದ್ದಿದ್ದರೆ ಇಬ್ಬರದೂ ಒಂದೇ ತಾರೀಖಾಗಿ, ವಯಸ್ಸಿನ ಲೆಕ್ಕದಲ್ಲಿ ಕುರ್ಚಿ ಇವಳಿಗೇ ಬರುತ್ತಿತ್ತು. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೂ ಹೊಳೆದಿರಬೇಕು, ಸೀರೆಯ ಅಂಚನ್ನು ಹಿಂಡುತ್ತಿದ್ದಳು.

“ಈ ಭಾವನನ್ನ ನಿಯಮ ಮಾಡಿದ ಗಂಡಸು ಯಾರು?” ಎಂದು ಕೇಳಿದೆ.

ಅವಳು ಕಿಟಕಿಯ ಕಡೆ ನೋಡಿದಳು. “ಗಂಡಸಲ್ಲ.”

“ಮತ್ತೆ?”

“ನಾನೇ.”

ನಗು ತಡೆಯಲು ನಾನು ಕೆಮ್ಮಬೇಕಾಯಿತು. ಅವಳಿಗೆ ಅದೂ ಗೊತ್ತಾಯಿತು. “ನಗಿ, ನಗಿ. ಅವಳಿಗೆ ಅವತ್ತೇ ಗೊತ್ತಿತ್ತು ಅಣ್ಣಾ! ಹುಚ್ಚರು ಯಾರಿದಾರೆ ಅಂತ ನಾನು ಕೇಳಿದಾಗ ಇಗೋ ನೀನೇ ಅನ್ನಬಹುದಿತ್ತು. ಅನ್ನಲಿಲ್ಲ. ಆಮೇಲೆ ಕೇಳಿದ್ರೆ, ‘ಅವರ ಮುಂದೆ ಹೇಳಿದ್ರೆ ನಿನಗೆ ಅವಮಾನ ಆಗ್ತಿತ್ತಲ್ಲೇ’ ಅಂತಾಳೆ. ಇಂಥೋಳ ಜೊತೆ ಬದುಕೋದು ಹೇಗೆ ಹೇಳಿ! ಮನೇಲಿ ಅವಳು ಹಿರಿಯಳು. ಮಹಡಿ ಅವಳದು. ಅತ್ತೆ ಬಾಯಲ್ಲಿ ಅವಳದೇ ಹೆಸರು. ಇಡೀ ಭೂಮಿ ಮೇಲೆ ನಾನು ಅವಳಿಗಿಂತ ಮುಂದೆ ಇದ್ದ ಜಾಗ ಇದೊಂದೇ. ಇದನ್ನೂ ಕೊಡಲಾ?”

ಅವಳ ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ನಾನು ಎರಡು ಮಾತು ಸಮಾಧಾನ ಹೇಳಿ ಕಳಿಸುತ್ತಿದ್ದೆ. ಕುರ್ಚಿ ಬೇಕು, ಅಷ್ಟೇ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಮೊದಲು ಬಂದವರು ಮೊದಲು ಎನ್ನುವುದಕ್ಕೇ ನಾವು ಒದೆ ತಿಂದದ್ದು.

“ಹಾಗಾದ್ರೆ ದಾರಿ ಒಂದೇ” ಅಂದೆ. “ಸಭೆ ಕರೆಸ್ತೀನಿ. ಭಾವನ ನಿಯಮ ತಪ್ಪು, ಅಕ್ಕ ಹೇಳಿದ್ದೇ ಸರಿ ಅಂತ ಎಲ್ಲರ ಮುಂದೆ ಹೇಳು.”

“ಮೊದಲರ್ಧ ಹೇಳ್ತೀನಿ.”

“ಮಿಕ್ಕ ಅರ್ಧ?”

“ನಾಲಿಗೆ ಸೀದುಹೋದ್ರೂ ಇಲ್ಲ.”

ಸಭೆ ಅವರ ಕೋಣೆಯಲ್ಲೇ ನಡೆಯಿತು. ನಾಲ್ಕು ಮೇಜು, ವೈರುಗಳ ಸಿಕ್ಕು, ಬಿಸಿಗಾಳಿ ಉಗುಳುವ ಕಂಪ್ಯೂಟರುಗಳು. ಮೇಲಧಿಕಾರಿಯನ್ನು ಅಲ್ಲಿ ಎಲ್ಲರೂ ‘ಕನ್ನಡಕ’ ಅನ್ನುತ್ತಿದ್ದರು. ಏನೇ ಕೇಳಿದರೂ ಮೊದಲು ಅದನ್ನು ಬಿಚ್ಚಿ ಒರೆಸುವ ಮನುಷ್ಯ. ಮೊದಲಗಿತ್ತಿ ಎದ್ದು ನಿಂತು, ಮೂರು ಭಾಷೆಗಳಿಗೂ ಅದೇ ಪ್ರಶ್ನೆ ಕೇಳಿ, ಮೂರು ಉತ್ತರಗಳನ್ನೂ ಪರದೆಯ ಮೇಲೆ ತೋರಿಸಿದಳು. ಹಿಂದಿನ ದಿನ ಬಂದವಳು ಎರಡು ದಿನ ಹಿಂದಕ್ಕೆ ಬಿದ್ದದ್ದು ಕುರುಡನಿಗೂ ಕಾಣುತ್ತಿತ್ತು.

ಕನ್ನಡಕ ಒರೆಸಿದ. “ಸರಿಯಮ್ಮಾ. ಆದ್ರೆ ಈ ನಿಯಮ ಬಂದು ಎಷ್ಟೋ ಕಾಲ ಆಯ್ತು. ಇಷ್ಟು ದಿನ ಇಲ್ಲದ ತಕರಾರು ಕುರ್ಚಿ ಖಾಲಿ ಆದ ಮೇಲೆ ಹುಟ್ಟಿದ್ರೆ ಜನ ಏನಂತಾರೆ? ನಿಯಮ ಮಾಡುವಾಗಲೇ ಯಾರಾದ್ರೂ ಇದನ್ನ ಎತ್ತಿದ್ರಾ? ಎತ್ತಿದ್ರೆ ಬದಲಾಯಿಸೋಣ. ಇಲ್ಲಾಂದ್ರೆ ಇದು ನಿನ್ನ ಸ್ವಂತ ಜಗಳ.”

ಹೇಳಬೇಕಾದ ಹೆಸರು ಮೊದಲಗಿತ್ತಿಯ ಪಕ್ಕದಲ್ಲೇ ಕೂತಿತ್ತು. ನಾನು ಕಣ್ಣಲ್ಲೇ ಹೇಳು ಹೇಳು ಎಂದೆ. ಅವಳ ದವಡೆ ಬಿಗಿಯುವುದು ಕಾಣುತ್ತಿತ್ತು, ತುಟಿ ಬಿಚ್ಚಲಿಲ್ಲ.

ಅಷ್ಟರಲ್ಲಿ ಅಕ್ಕ ಎದ್ದಳು. “ಎತ್ತಿದ್ದಳು ಸರ್” ಅಂದಳು, ಮೆಲ್ಲಗೆ. “ಇವಳೇ ಎತ್ತಿದ್ದು. ಹಿಂದಿನ ದಿನ ಬಂದೋರು ಹಿಂದೆ ಬೀಳ್ತಾರೆ ಅಂತ ಅವತ್ತೇ ಹೇಳಿದ್ದಳು. ನಾನೇ ಕೇಳಲಿಲ್ಲ.”

ಹಿರಿಯ ಮನೆ ಸೇರಿದ್ದ. ಸುಳ್ಳು ಅನ್ನುವವರು ಯಾರೂ ಉಳಿದಿರಲಿಲ್ಲ. ಕನ್ನಡಕ ತಲೆದೂಗಿ, “ಹಾಗಿದ್ರೆ ಸರಿ, ಇಬ್ಬರೂ ಒಪ್ಪೋದಾದ್ರೆ…” ಎಂದು ಶುರುಮಾಡಿದ. ಕೆಲಸ ಆಯಿತು. ಮೊದಲಗಿತ್ತಿ ಸುಮ್ಮನೆ ನಿಂತಿದ್ದರೆ ಸಾಕಿತ್ತು. ನಾನು ಬರೆದು ತಂದಿದ್ದ ಚೀಟಿಗಳನ್ನು ಜೇಬಿಗೆ ಇಟ್ಟುಕೊಳ್ಳುತ್ತಿದ್ದೆ.

“ಏಯ್!” ಎಂದು ಕಿರುಚಿದಳು.

ಎಲ್ಲರೂ ಬೆಚ್ಚಿದೆವು. ಅವಳು ಅಕ್ಕನ ಕಡೆ ತಿರುಗಿದ್ದಳು. ಮುಖ ಬೆವರುತ್ತಿತ್ತು. “ನಿನ್ನನ್ನ ಯಾರು ಕೇಳಿದ್ದು? ನಿನ್ನ ಭಿಕ್ಷೆ ಯಾರಿಗೆ ಬೇಕು? ಹೇಳಿದೋಳು ನೀನು! ನೀನೇ! ಸೊಸೆ ಸರಿ ಅಂದೋಳು ನೀನು, ಭಾವನೇ ಬೇಕು ಅಂತ ಕೂಗಾಡಿದೋಳು ನಾನು. ಸರ್, ಇವಳು ಹೇಳಿದ್ದು ಸರಿ ಇತ್ತು, ನಾನು ಹೇಳಿದ್ದು ತಪ್ಪು. ಬರ್ಕೊಳ್ಳಿ. ಇವಳು ದಾನ ಕೊಟ್ಟ ಕುರ್ಚೀಲಿ ನಾನು ಕೂರಲ್ಲ!”

ಮದುವೆಯಾಗಿ ಬಂದ ದಿನದಿಂದ ನೀವು ತಾವು ಅಂದವಳು ಮೊದಲ ಸಲ ‘ನೀನು’ ಅಂದಿದ್ದಳು. ಅಕ್ಕನ ಮುಖ ಬಿಳಿಚಿತು. ಇವಳು ತಪ್ಪೊಪ್ಪಿಕೊಂಡದ್ದನ್ನು ನಾನು ಪ್ರಾಮಾಣಿಕತೆ ಎಂದು ಕರೆಯುವುದಿಲ್ಲ. ಸತ್ಯ ಹೇಳುವುದಕ್ಕಿಂತ ಓರಗಿತ್ತಿಯ ಉಪಕಾರ ಹೊರುವುದು ಅವಳಿಗೆ ಹೆಚ್ಚು ಭಾರವಾಗಿತ್ತು, ಹಗುರವಾದದ್ದನ್ನು ಹೊತ್ತಳು.

ಕನ್ನಡಕಕ್ಕೆ ತಲೆಬುಡ ತಿಳಿಯಲಿಲ್ಲ. “ಹಾಗಾದ್ರೆ ಯಾರು ಎತ್ತಿದ್ದು?” ಎಂದು ಮತ್ತೆ ಕೇಳಿದ.

“ಯಾರು ಎತ್ತಿದರೇನ್ರೀ” ಎಂದು ನಾನು ಮೇಜು ಕುಟ್ಟಿದೆ. “ಎತ್ತಿದ್ದರು ಅನ್ನೋದು ಗೊತ್ತಾಯ್ತಲ್ಲ! ತಪ್ಪು ಅಂತ ತಪ್ಪು ಮಾಡಿದೋಳೇ ಒಪ್ಪಿದಾಳೆ. ನಿಮ್ಮ ಸಾಫ್ಟ್‌ವೇರ್ ಹಾಕ್ಕೊಂಡಿರೋ ಕಡೆಯೆಲ್ಲ ಮೂವತ್ತೊಂದಕ್ಕೆ ಸೇರಿದ ಬಡಪಾಯಿಗಳು ಇನ್ನೆಷ್ಟು ಜನ ಇದಾರೋ. ಬದಲಾಯಿಸ್ತೀರೋ, ಗೇಟಿನ ಮುಂದೆ ಚಾಪೆ ತರಲೋ?”

ಬದಲಾಯಿಸಿದರು. ಭಾವ ಹೋಗಿ ಸೊಸೆ ನಿಯಮವಾದಳು. ಆ ವರ್ಷದ ಫೆಬ್ರವರಿಗೆ ಇಪ್ಪತ್ತೆಂಟೇ ದಿನವಿದ್ದದ್ದರಿಂದ ಇವಳು ಇಪ್ಪತ್ತೆಂಟಕ್ಕೆ ಕಾಯಂ, ಅಕ್ಕ ಮಾರ್ಚ್ ಒಂದಕ್ಕೆ. ಕುರ್ಚಿ ಇವಳಿಗೆ ಬಂತು.

ವಾರ ಕಳೆಯುವುದರೊಳಗೆ ಅವಳು ಮತ್ತೆ ಟೈರಿನಂಗಡಿಯ ಮೆಟ್ಟಿಲು ಹತ್ತಿದಳು. ಈ ಸಲ ಮುಖ ಇನ್ನೂ ಕೆಂಪು.

“ಅಣ್ಣಾ, ಸಂಘದಿಂದ ಒಂದು ಮಾತು ನಮ್ಮ ಅತ್ತೆಗೆ ಹೇಳಬೇಕು.”

“ಯಾವ ಅತ್ತೆ? ಮನೇದಾ, ಕಂಪ್ಯೂಟರಿಂದಾ?”

“ತಮಾಷೆ ಬೇಡ. ‘ಪಾಪ, ದೊಡ್ಡವಳು ಎಷ್ಟು ಒಳ್ಳೆಯೋಳು, ಕುರ್ಚೀನೂ ಬಿಟ್ಟುಕೊಟ್ಟಳು’ ಅಂತ ಬೀದಿ ತುಂಬ ಹೇಳ್ಕೊಂಡು ಬರ್ತಿದಾರೆ. ನನ್ನ ಗಂಡನೂ ಹೌದಮ್ಮಾ ಅಂತಾನೆ! ಬಿಟ್ಟುಕೊಟ್ಟಿದ್ದಲ್ಲ, ನಾನು ತಗೊಂಡಿದ್ದು ಅಂತ ನೀವು ಬಂದು ಹೇಳಬೇಕು. ನೀವು ನೋಡಿದೀರಲ್ಲ!”

“ನೋಡಮ್ಮಾ, ಸಂಘ ಇರೋದು ಯಜಮಾನರ ವಿರುದ್ಧ. ಅತ್ತೆಯರ ವಿರುದ್ಧ ಘೋಷಣೆ ಕೂಗೋಷ್ಟು ಧೈರ್ಯ ನಮಗೆ ಇನ್ನೂ ಬಂದಿಲ್ಲ.”

ಅವಳು ನನ್ನನ್ನೂ ಬೈದು ಇಳಿದು ಹೋದಳು.

ಮೊನ್ನೆ ಚಂದಾ ವಸೂಲಿಗೆಂದು ಆ ಕಂಪನಿಗೆ ಹೋಗಿದ್ದೆ. ಮೊದಲಗಿತ್ತಿ ಮುಖ್ಯಸ್ಥರ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಅವಳ ಕೈಕೆಳಗೆ ಇರುವವಳು ಒಬ್ಬಳೇ, ಅಕ್ಕ. ಅಕ್ಕ ಮಾಡಿದ ಪ್ರತಿಯೊಂದು ಪರೀಕ್ಷೆಯನ್ನೂ ನೋಡಿ, ಸರಿಯಿದ್ದರೆ ಸರಿಯೆಂದು ಬರೆಯುವುದು ಆ ಕುರ್ಚಿಯ ಕೆಲಸ. ಇದನ್ನು ಅವಳು ಕುರ್ಚಿಗೆ ಹೊಡೆದಾಡುವಾಗ ಯೋಚಿಸಿರಲಿಲ್ಲ.

ಪರದೆಯ ಮೇಲೆ ಅಕ್ಕನ ಕೆಲಸವಿತ್ತು. ಮೇಲಿನಿಂದ ಕೆಳಗೆ ಓದಿದಳು. ಮತ್ತೆ ಕೆಳಗಿನಿಂದ ಮೇಲೆ. ಅತ್ತೆಯನ್ನು ಕೇಳಿದಳು, ಸೊಸೆಯನ್ನು ಕೇಳಿದಳು, ಭಾವನನ್ನೂ ಕೇಳಿದಳು. ನಾನು ನಿಂತೇ ಇದ್ದೆ. ಕೂರಿ ಅನ್ನಲೂ ಅವಳಿಗೆ ಪುರಸೊತ್ತಿಲ್ಲ.

“ತಪ್ಪು ಏನಾದ್ರೂ ಇದೆಯೇನೇ?” ಎಂದು ಅಕ್ಕ ಎದುರು ಮೇಜಿನಿಂದ ಕೇಳಿದಳು.

“ಇರಿ, ನೋಡ್ತಾ ಇದೀನಿ.”

ಮತ್ತೊಮ್ಮೆ ನೋಡಿದಳು. ಮೂಗಿನಿಂದ ಉಸಿರು ಬಿಟ್ಟಳು. ಆಮೇಲೆ ಗುಂಡಿಗಳು ಕಿತ್ತುಬರುವ ಹಾಗೆ ಕೀಬೋರ್ಡನ್ನು ಕುಟ್ಟಿ, ‘ಸರಿ ಇದೆ’ ಎಂದು ಬರೆದಳು.

“ಮುಂದಿಂದು ಕೊಡಿ” ಅಂದಳು.